ಕೆಲಸ ಸಿಕ್ಕ ಮೇಲೆ ಮನೆಗೆ ಏನಾಯಿತು? ತಿಳಿಯುವ ನಾಲ್ಕು ದಾರಿಗಳ ಹೋಲಿಕೆ

ಹೊಲಿಗೆ ಕಲಿತವರಲ್ಲಿ ಎಷ್ಟು ಜನರಿಗೆ ಕೆಲಸ ಸಿಕ್ಕಿತು ಅಂತ ಎಣಿಸುವುದು ಸುಲಭ. ಸಂಬಳದ ಚೀಟಿ ನೋಡಿದರೆ ಆಯಿತು. ಆದರೆ ನಮ್ಮ ಹೊಲಿಗೆ ತರಬೇತಿ ಕಾರ್ಯಕ್ರಮ ಇರುವುದು ಇಡೀ ಮನೆಗಾಗಿ. ತಾಯಿ ದುಡಿಯಲು ಹೋದ ಮೇಲೆ ತಮ್ಮನನ್ನು ನೋಡಿಕೊಳ್ಳಲು ಮಗಳು ಶಾಲೆ ಬಿಟ್ಟಳಾ? ಕೈಸಾಲ ಇಳಿಯಿತಾ? ಬೆಂಗಳೂರಿಗೆ ಗುಳೆ ಹೋಗುವುದು ನಿಂತಿತಾ? ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ಇದನ್ನು ತಿಳಿಯಲು ನಾಲ್ಕು ದಾರಿ ಬಳಸಿದೆವು.

ವಾಟ್ಸಾಪ್‌ನಲ್ಲಿ ಗೂಗಲ್ ಫಾರ್ಮ್ ಕಳಿಸುವುದಕ್ಕೆ ಖರ್ಚೇ ಇಲ್ಲ. ಆದರೆ ಸ್ಮಾರ್ಟ್‌ಫೋನ್ ಗಂಡನದೋ ಮಗನದೋ ಆಗಿರುತ್ತದೆ. ಉತ್ತರವೂ ಅವರದೇ. ಮನೆಯ ಲೆಕ್ಕಕ್ಕೆ ಇದು ಬೇಡ.

ಫೋನ್ ಕರೆ ಇದಕ್ಕಿಂತ ಮೇಲು. ರಾತ್ರಿ ಊಟ ಆದ ಮೇಲೆ ಮಾಡಿದರೆ ಮಾತಿಗೆ ಸಿಗುತ್ತಾರೆ. ಪಕ್ಕದಲ್ಲಿ ಅತ್ತೆ ಇರಬಹುದು, ಹಾಗಾಗಿ ಹೌದು, ಇಲ್ಲ ಎಂದಷ್ಟೇ ಹೇಳಿದರೆ ಸಾಕಾಗುವಂತೆ ಕೇಳಬೇಕು. ತೊಂದರೆ ಬೇರೆ ಕಡೆ ಇದೆ. ಗುಳೆ ಹೋದವರ ಸಿಮ್ ಬದಲಾಗುತ್ತದೆ. ಅವರನ್ನು ಲೆಕ್ಕದಿಂದ ಬಿಟ್ಟರೆ ಫಲಿತಾಂಶ ಸುಮ್ನೆ ಚೆನ್ನಾಗಿ ಕಾಣುತ್ತದೆ. ತರಬೇತಿಗೆ ಸೇರಿಸಿಕೊಳ್ಳುವ ದಿನವೇ ತವರುಮನೆಯ ನಂಬರ್ ಬರೆದುಕೊಳ್ಳಿ. ತುಂಬಾ ಕೆಲಸಕ್ಕೆ ಬರುತ್ತದೆ.

ಸ್ವಸಹಾಯ ಸಂಘದ ಸಭೆಯಲ್ಲಿ ಕೂತರೆ ಯಾರು ಊರಲ್ಲಿದ್ದಾರೆ, ಯಾರು ಇಲ್ಲ ಅನ್ನೋದು ಒಂದೇ ಸಲಕ್ಕೆ ಗೊತ್ತಾಗುತ್ತದೆ. ಸದಸ್ಯರು ಒಪ್ಪಿದರೆ ಉಳಿತಾಯ, ಸಾಲದ ಲೆಕ್ಕ ಪುಸ್ತಕದಲ್ಲೇ ಸಿಗುತ್ತದೆ. ಆದಾಯ ಮಾತ್ರ ಅಲ್ಲಿ ಕೇಳಲೇಬಾರದು. ನಾಲ್ಕು ಜನರ ಮುಂದೆ ಯಾರು ನಿಜ ಹೇಳುತ್ತಾರೆ?

ನನಗೆ ಹಿಡಿಸಿದ್ದು ಮನೆ ಭೇಟಿ, ಕೈಯಲ್ಲಿ ಟ್ಯಾಬ್, ಅದರಲ್ಲಿ ಸಮೀಕ್ಷೆಯ ಉತ್ತರ ತುಂಬುವ ಕೋಬೋ ಟೂಲ್‌ಬಾಕ್ಸ್ ಆ್ಯಪ್. ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ. ಪ್ರಶ್ನೆಗಳನ್ನು ಕನ್ನಡದಲ್ಲೇ ಹಾಕಬಹುದು. ಮನೆಯಲ್ಲಿ ಏಳು ಜನ ಇದ್ದರೆ ಅದೇ ಪ್ರಶ್ನೆಗಳು ಏಳು ಸಲ ತೆರೆಯುತ್ತವೆ. ಮಕ್ಕಳಾದರೆ ಶಾಲೆಯ ಪ್ರಶ್ನೆ, ದೊಡ್ಡವರಾದರೆ ದುಡಿಮೆಯದು. ಆದರೆ ಟ್ಯಾಬ್ ಕಂಡ ಕೂಡಲೇ ರೇಷನ್ ಕಾರ್ಡ್ ಹೋಗುತ್ತದೇನೋ ಎಂಬ ಭಯ ಹುಟ್ಟುತ್ತದೆ. ಯಾಕೆ ಕೇಳುತ್ತಿದ್ದೇವೆ, ಯಾರು ನೋಡುತ್ತಾರೆ ಎಂದು ಮೊದಲು ಹೇಳಿ, ಒಪ್ಪಿದ ಮೇಲೆ ಟ್ಯಾಬ್ ತೆಗೆಯಬೇಕು. ಖರ್ಚೂ ಜಾಸ್ತಿ, ಸಮಯವೂ ಜಾಸ್ತಿ.

ದಾರಿ ಯಾವುದೇ ಇರಲಿ, ಪ್ರಶ್ನೆ ಸರಿಯಿರಬೇಕು. ‘ಏನು ಕೆಲಸ ಮಾಡ್ತೀರಿ’ ಅಂದರೆ ‘ಏನಿಲ್ರಿ, ಮನ್ಯಾಗ ಇರ್ತೀನಿ’ ಎಂಬ ಉತ್ತರ ಬರುತ್ತದೆ. ಅದೇ ಹೆಂಗಸು ಬೆಳಗ್ಗೆ ಎಮ್ಮೆ ಹಾಲು ಕರೆದು, ಮಧ್ಯಾಹ್ನ ಹೊಲದಲ್ಲಿ ಕಳೆ ತೆಗೆದಿರುತ್ತಾಳೆ. ಯಾರಿಗೆ ಕೆಲಸ ಇದೆ, ಯಾರಿಗೆ ಇಲ್ಲ ಎಂದು ಎಣಿಸುವ ಕೇಂದ್ರ ಸರ್ಕಾರದ ಪಿಎಲ್‌ಎಫ್‌ಎಸ್ ಸಮೀಕ್ಷೆಯ ವಾರದ ಲೆಕ್ಕದಲ್ಲಿ 7 ದಿನಗಳಲ್ಲಿ 1 ಗಂಟೆ ದುಡಿದರೂ ಕೆಲಸದಲ್ಲಿದ್ದಂತೆ. ಒಂದು ಮನೆಯ ಬದುಕು ಸುಧಾರಿಸಿತಾ ಎಂದು ನೋಡಲು ಅದು ಸಾಲದು. ನಿನ್ನೆ ಏನು ಮಾಡಿದಿರಿ, ಮೊನ್ನೆ ಏನು ಎಂದು ಹಿಂದಕ್ಕೆ ಹೋಗುತ್ತಾ ದಿನ ದಿನದ್ದೂ ಕೇಳಿ. 2023ರ ಆಗಸ್ಟ್‌ನಿಂದ ಬರುತ್ತಿರುವ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿಯನ್ನು ಬೇರೆಯೇ ಬರೆಯಿರಿ. ಇಲ್ಲದಿದ್ದರೆ ಆ ಹೆಚ್ಚಳವೂ ನಮ್ಮ ತರಬೇತಿಯದೇ ಎಂದಾಗುತ್ತದೆ. ಮೊದಲ ಭೇಟಿ ಭತ್ತದ ಕೊಯ್ಲಿನಲ್ಲಾದರೆ ಕೊನೆಯದೂ ಕೊಯ್ಲಿನಲ್ಲೇ ಆಗಲಿ. ಬೇಸಿಗೆಯಲ್ಲಿ ಹೋದರೆ ಕೂಲಿ ಕಡಿಮೆ ಕಾಣುವುದು ಸಹಜ ಅಲ್ವಾ?

ಈಗ ನಾವು ಶುರುವಿಗೊಮ್ಮೆ, ವರ್ಷ ತುಂಬಿದಾಗ ಒಮ್ಮೆ ಮನೆಗೆ ಹೋಗುತ್ತೇವೆ. ನಡುವೆ ಫೋನ್. ಸಿಗದವರನ್ನು ಸಂಘದ ಮೂಲಕ ಹುಡುಕುತ್ತೇವೆ. ಎಲ್ಲ ಮನೆಗೂ ಹೋಗುವಷ್ಟು ದುಡ್ಡಿಲ್ಲದಿದ್ದರೆ, ಫೋನ್ ಎತ್ತದವರ ಮನೆಗೆ ಮೊದಲು ಹೋಗಿ.