ನೀರಿನ ‘ಸ್ಮಾರ್ಟ್’ ಮಷೀನು ಕೊಳ್ಳುವ ಮುನ್ನ ದಯವಿಟ್ಟು ಇದನ್ನು ಓದಿ

ಬಾಗಲಕೋಟೆಯ ನವನಗರ ಮತ್ತು ವಿದ್ಯಾಗಿರಿಯ ಓಣಿಗಳಲ್ಲಿ ಟೈ ಕಟ್ಟಿಕೊಂಡ ಹುಡುಗರು ನೀರು ಶುದ್ಧ ಮಾಡುವ ಮಷೀನು ಮಾರಲು ಹೆಗಲಿಗೊಂದು ಕಪ್ಪು ಬ್ಯಾಗು ಹಾಕಿಕೊಂಡು, ನಿಮ್ಮ ಮನೆಯ ನೀರನ್ನು ಪುಕ್ಕಟೆಯಾಗಿ ಪರೀಕ್ಷೆ ಮಾಡಿ ತೋರಿಸುತ್ತೇವೆ ಎಂದು ಬಾಗಿಲು ಬಡಿಯುತ್ತಿದ್ದಾರೆ. ಅವರನ್ನು ಒಳಗೆ ಕರೆದು ಕುರ್ಚಿ ಕೊಡುವ ಮೊದಲು ಈ ಬರಹವನ್ನು ಕೊನೆಯವರೆಗೆ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಕಂಪನಿಯ ಹೆಸರನ್ನು ಬರೆಯುವುದಿಲ್ಲ, ಏಕೆಂದರೆ ದೂರು ಇನ್ನೂ ನಡೆಯುತ್ತಿದೆ. ಹೆಸರು ತಿಳಿಯದಿದ್ದರೂ ನಷ್ಟವಿಲ್ಲ. ಬ್ಯಾಗಿನೊಳಗಿನ ಸಾಮಾನು ಮತ್ತು ಬಾಯಲ್ಲಿ ಬರುವ ಮಾತು ನೋಡಿದರೆ ಗುರುತು ಸಿಗುತ್ತದೆ.

ನಮ್ಮ ಮನೆಗೆ ಬಂದವನು ಮೊದಲು ಮಾಡಿದ್ದು ಅಡುಗೆಮನೆಯ ನಳದಿಂದ ಒಂದು ಲೋಟ ನೀರು ಹಿಡಿದು ಅದರಲ್ಲಿ ಪೆನ್ನಿನಂಥ ಟಿಡಿಎಸ್ ಮೀಟರ್ ಅದ್ದಿದ್ದು. ಟಿಡಿಎಸ್ ಎಂದರೆ ಒಂದು ಲೀಟರ್ ನೀರಿನಲ್ಲಿ ಎಷ್ಟು ಮಿಲಿಗ್ರಾಂ ಲವಣ ಮುಂತಾದವು ಕರಗಿವೆ ಎಂಬ ಲೆಕ್ಕ. ಅದರಲ್ಲಿ 380 ಎಂದು ಬಂತು. ಆ ಸಂಖ್ಯೆಯನ್ನು ಅವನು ಎಂಥ ಮುಖ ಮಾಡಿ ಓದಿದನೆಂದರೆ, ನಮ್ಮ ಮನೆಯವರು ಕೈಯಲ್ಲಿದ್ದ ಚಹಾದ ಕಪ್ಪನ್ನು ಅಲ್ಲಿಯೇ ಕೆಳಗಿಟ್ಟರು. ‘ಅಕ್ಕಾರ, ಐವತ್ತರ ಮ್ಯಾಲ ಇರಬಾರದ್ರಿ, ಇದು ಮೂರನೂರಾ ಎಂಬತ್ತ ಐತಿ’ ಎಂದ. ಅನಂತರ ಬ್ಯಾಗಿನಿಂದ ಎರಡು ಜೋಡಿ ಲೋಹದ ಸರಳುಗಳಿದ್ದ ಒಂದು ಉಪಕರಣ ತೆಗೆದು, ಒಂದು ಜೋಡಿಯನ್ನು ನಮ್ಮ ನಳದ ನೀರಿನಲ್ಲಿಯೂ ಇನ್ನೊಂದನ್ನು ತಾನು ಬಾಟಲಿಯಲ್ಲಿ ತಂದಿದ್ದ ನೀರಿನಲ್ಲಿಯೂ ಇಳಿಬಿಟ್ಟು ಸ್ವಿಚ್ ಹಾಕಿದ. ಸ್ವಲ್ಪ ಹೊತ್ತಿನಲ್ಲಿ ನಮ್ಮ ನೀರು ಗಟಾರದ ನೀರಿನಂತೆ ಕಂದುಗಟ್ಟಿ ಮೇಲೆ ಹಸಿರು ನೊರೆ ಕಟ್ಟಿತು. ಅವನ ನೀರು ಹಾಗೆಯೇ ತಿಳಿಯಾಗಿತ್ತು. ‘ಇಷ್ಟ ದಿನಾ ನೀವು ಮತ್ತ ಮಕ್ಕಳು ಇದನ್ನ ಕುಡದೀರಿ’ ಎಂದು ಹೇಳಿ ಸುಮ್ಮನೆ ನಿಂತ. ಹಾಗೆ ಸುಮ್ಮನೆ ನಿಲ್ಲುವುದನ್ನೂ ಅವರಿಗೆ ಕಲಿಸಿರುತ್ತಾರೆಂದು ಈಗ ನನಗೆ ಖಾತ್ರಿಯಾಗಿದೆ. ಆ ಲೋಟ ನೋಡಿದ ಮೇಲೆ ಮನೆಯಲ್ಲಿ ಯಾರು ತಾನೆ ಬೇಡ ಎಂದಾರು? ಅವನು ಮಾರುತ್ತಿದ್ದ ಆರ್‌ಒ ಮಷೀನು, ಎಂದರೆ ನೀರನ್ನು ಸೂಕ್ಷ್ಮ ಪೊರೆಯ ಮೂಲಕ ಒತ್ತಿ ಲವಣ ತೆಗೆಯುವ ಮಷೀನು, ಕೊಂಡೆವು.

ಇಲ್ಲಿ ನಡೆದ ಮೋಸವನ್ನು ಈಗಲೇ ಹೇಳಿಬಿಡುತ್ತೇನೆ. ನಮ್ಮ ಅಣ್ಣನ ಮಗಳು ಪಿಯುಸಿಯಲ್ಲಿ ವಿಜ್ಞಾನ ಓದುತ್ತಾಳೆ. ಹಣ ಹೋದ ಮೇಲೆ, ಎಲ್ಲ ರಂಪಾಟ ಆದ ಮೇಲೆ, ಅವಳು ಬಂದು ‘ಕಾಕಾ, ಅದು ನೀರಿನ ಹೊಲಸಲ್ಲ, ಕಬ್ಬಿಣ’ ಎಂದಳು. ಒಂಬತ್ತು ವೋಲ್ಟಿನ ಬ್ಯಾಟರಿಗೆ ಎರಡು ವೈರು, ವೈರಿನ ತುದಿಗೆ ಎರಡು ಸಾದಾ ಮೊಳೆ ಕಟ್ಟಿ, ಅದೇ ಕಂಪನಿಯ ಅದೇ ಮಷೀನಿನಿಂದ ಬಂದು ಬಾಟಲಿಯಲ್ಲಿ ಉಳಿದಿದ್ದ ಶುದ್ಧ ನೀರಿನಲ್ಲಿ ಇಳಿಬಿಟ್ಟಳು. ಏನೂ ಆಗಲಿಲ್ಲ. ಆಮೇಲೆ ಡಬ್ಬಿಯಿಂದ ಒಂದು ಚಿಟಿಕೆ ಉಪ್ಪು ಹಾಕಿ ಕಲಕಿದಳು. ಒಂದು ಮೊಳೆಯ ಸುತ್ತ ಸಣ್ಣ ಗುಳ್ಳೆಗಳು ಏಳತೊಡಗಿದವು, ಇನ್ನೊಂದರಿಂದ ಹಸಿರು ಬೆರೆತ ಕಂದು ಎಳೆಗಳು ಇಳಿಯತೊಡಗಿದವು, ನೋಡನೋಡುತ್ತ ಲೋಟದ ತಳದಲ್ಲಿ ತುಕ್ಕಿನ ಕೆಸರು ಕೂತಿತು. ಉಪ್ಪಿನಂಶವಿರುವ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಹರಿದಾಗ ಕಬ್ಬಿಣದ ಸರಳೇ ಕರಗಿ ತುಕ್ಕಾಗುತ್ತದೆ. ಆರ್‌ಒ ನೀರಿನಲ್ಲಿ ಲವಣಗಳು ತೀರ ಕಡಿಮೆ ಇರುವುದರಿಂದ ವಿದ್ಯುತ್ ಅಷ್ಟಾಗಿ ಹರಿಯುವುದಿಲ್ಲ, ಸರಳೂ ಅಷ್ಟಾಗಿ ಕರಗುವುದಿಲ್ಲ. ಇದಿಷ್ಟೇ ಸಂಗತಿ. ನಾವು ಕಂಡ ಹೊಲಸು ಅವನ ಬ್ಯಾಗಿನಿಂದಲೇ ಬಂದದ್ದು! ಮಕ್ಕಳೆದುರು ಆ ಲೋಟ ನೋಡುತ್ತ ಕೂತಾಗ ನನಗಾದ ನಾಚಿಕೆಯನ್ನು ಇಲ್ಲಿ ಬರೆಯಲಾರೆ.

ಐವತ್ತರ ಮಾತೂ ಅಂಥದ್ದೇ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಎಂಬ ಮಾನದಂಡವಿದ್ದು, 2012ರ ಆವೃತ್ತಿಯ ಪ್ರಕಾರ ಲೀಟರಿಗೆ 500 ಮಿಲಿಗ್ರಾಂ ತನಕ ಟಿಡಿಎಸ್ ಒಪ್ಪಿತ, ಬೇರೆ ಮೂಲವೇ ಇಲ್ಲದಿದ್ದರೆ 2000 ತನಕ ಅನುಮತಿ ಇದೆ. ವಿಶ್ವ ಆರೋಗ್ಯ ಸಂಸ್ಥೆಯೂ 600ರ ಒಳಗಿನ ನೀರನ್ನು ರುಚಿಯ ದೃಷ್ಟಿಯಿಂದ ಚೆನ್ನಾದದ್ದೆಂದೇ ಹೇಳುತ್ತದೆ. ಹಿನ್ನೀರಿನಿಂದ ನಮ್ಮ ನಳಕ್ಕೆ ಬರುವ 380ರ ನೀರಿಗೆ ಆರ್‌ಒ ಬೇಕಾಗಿಯೇ ಇರಲಿಲ್ಲ. ಮೇಲಾಗಿ ಆ ಪೆನ್ನಿನಂಥ ಮೀಟರ್ ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು ಮಾತ್ರ. ನೀರಿನಲ್ಲಿ ರೋಗಾಣು ಇದೆಯೇ ಇಲ್ಲವೇ ಎಂಬುದು ಅದಕ್ಕೆ ತಿಳಿಯುವುದಿಲ್ಲ, ರೋಗಾಣುವಿಗೆ ಕುದಿಸಿದರೆ ಸಾಕು. ಹುನಗುಂದದ ಕಡೆ ಫ್ಲೋರೈಡ್ ಇರುವ ಬೋರ್ ನೀರನ್ನೇ ನಂಬಿದ ಹಳ್ಳಿಗಳವರ ಮಾತು ಬೇರೆ, ಅವರಿಗೆ ಆರ್‌ಒ ಅಗತ್ಯವೇ ಹೌದು. ನಮಗೆ ಅಗತ್ಯವಿರಲಿಲ್ಲ. ಬದಲಿಗೆ ಒಂದು ಲೀಟರ್ ಶುದ್ಧ ನೀರಿಗೆ ಎರಡು ಮೂರು ಲೀಟರ್ ನೀರನ್ನು ಸಿಂಕಿಗೆ ಸುರಿಯುವ ಮಷೀನನ್ನು, ನಳ ಬರುವ ದಿನಕ್ಕೆ ಕಾದು ಕೊಡ ತುಂಬುವ ಊರಿನಲ್ಲಿ, ದುಡ್ಡು ಕೊಟ್ಟು ಗೋಡೆಗೆ ನೇತುಹಾಕಿಕೊಂಡೆವು.

ಇಷ್ಟಾದರೂ ಅದು ಸಾದಾ ಆರ್‌ಒ ಆಗಿದ್ದರೆ ಈ ಬರಹ ಬರೆಯುತ್ತಿರಲಿಲ್ಲ. ಇದು ‘ಸ್ಮಾರ್ಟ್’ ಮಷೀನು. ಸಾದಾ ಮಷೀನಿಗಿಂತ ಸುಮಾರು ಎಂಟು ಸಾವಿರ ಹೆಚ್ಚು. ವೈಫೈಗೆ ಜೋಡಿಸಿದರೆ ಎಷ್ಟು ಲೀಟರ್ ಕುಡಿದಿರಿ, ಫಿಲ್ಟರಿನ ಆಯುಷ್ಯ ಎಷ್ಟು ಉಳಿದಿದೆ, ಎಲ್ಲವೂ ಫೋನಿನಲ್ಲಿಯೇ ಕಾಣುತ್ತದೆ ಎಂದರು. ಕೂಡಿಸಲು ಬಂದವನು ನನ್ನ ಫೋನ್ ಇಸಿದುಕೊಂಡು ಆ್ಯಪ್ ಹಾಕಿದ, ಒಟಿಪಿ ಕೇಳಿದ, ಹೇಳಿದೆ. ಪರದೆಯ ಮೇಲೆ ಪುಟಗಟ್ಟಲೆ ಇಂಗ್ಲಿಷ್ ಬಂದಾಗ ಹೆಬ್ಬೆರಳಿನಿಂದ ಸರ್ರನೆ ಮೇಲಕ್ಕೆ ತಳ್ಳಿ ಕೊನೆಯಲ್ಲಿದ್ದ ಗುಂಡಿಯನ್ನು ತಾನೇ ಒತ್ತಿ, ‘ಮುಗೀತ್ರಿ ಸರ’ ಎಂದು ಫೋನ್ ವಾಪಸು ಕೊಟ್ಟ. ಆ ಒಂದು ಒತ್ತುವಿಕೆಯನ್ನು ನೆನಪಿಡಿ. ಮುಂದೆ ಕಂಪನಿ ನನ್ನ ಮುಖಕ್ಕೆ ಹಿಡಿದದ್ದು ಅದನ್ನೇ.

ಮೊದಮೊದಲು ಎಲ್ಲವೂ ಚೆನ್ನಾಗಿತ್ತು. ಮೊದಲ ಅನುಮಾನ ಬಂದದ್ದು ಬೇಸಿಗೆ ರಜೆಯಲ್ಲಿ. ಮನೆಗೆ ಬೀಗ ಹಾಕಿ ಊರಿಗೆ ಹೋಗಿದ್ದೆವು, ಮಷೀನಿನ ಸ್ವಿಚ್ ಆರಿಸಿದ್ದೆವು, ನಳದ ಕಾಕು ಕೂಡ ಬಂದ್ ಮಾಡಿದ್ದೆವು. ವಾಪಸು ಬಂದು ನೋಡಿದರೆ ಒಂದು ಹನಿ ನೀರು ಹರಿಯದ ಫಿಲ್ಟರಿನ ಆಯುಷ್ಯ ಆ್ಯಪಿನಲ್ಲಿ ಶೇಕಡಾ 41ರಿಂದ 33ಕ್ಕೆ ಇಳಿದಿತ್ತು. ಲೀಟರ್ ಲೆಕ್ಕ ತೋರಿಸುವುದು ನಮ್ಮ ಕಣ್ಣಿಗೆ ಮಾತ್ರ, ಒಳಗೆ ಓಡುತ್ತಿರುವುದು ಕ್ಯಾಲೆಂಡರ್ ಎಂಬುದು ಆಗ ತಿಳಿಯಿತು. ಫೋನ್ ಮಾಡಿ ಕೇಳಿದರೆ, ‘ಸರ್, ಅದು ಅಂದಾಜು ಮೌಲ್ಯ’ ಎಂದರು. ಅಂದಾಜು ಯಾವಾಗಲೂ ಅವರ ಕಡೆಗೇ ಏಕೆ ವಾಲುತ್ತದೆ ಎಂದು ಕೇಳಿದ್ದಕ್ಕೆ ಉತ್ತರವಿಲ್ಲ.

ವರ್ಷ ತುಂಬಿತು. ಒಂದು ಬೆಳಿಗ್ಗೆ ನೀರು ಬರಲಿಲ್ಲ. ಕರೆಂಟು ಇದೆ, ನಳದಲ್ಲಿ ನೀರಿದೆ, ಮಷೀನಿನ ಮುಂದೆ ಕೆಂಪು ದೀಪ ಉರಿಯುತ್ತಿದೆ, ನೀರಿಲ್ಲ. ಆ್ಯಪ್ ತೆರೆದರೆ ‘ನಿಮ್ಮ ಪ್ಲಾನ್ ಮುಗಿದಿದೆ, ನವೀಕರಿಸಿ’ ಎಂದು ಬರೆದಿತ್ತು, ಕೆಳಗೆ 5,499 ರೂಪಾಯಿ. ಯಾವ ಪ್ಲಾನು? ನಾನು ಮಷೀನು ಕೊಂಡಿದ್ದೇನೆ, ಬಾಡಿಗೆಗೆ ತಂದಿಲ್ಲ. ರಸೀದಿ ಇದೆ, ಜಿಎಸ್‌ಟಿ ಕಟ್ಟಿದ್ದೇನೆ, ಕಂತು ಕೂಡ ಮುಗಿದಿದೆ. ನಮ್ಮ ಓಣಿಯಲ್ಲಿ ಮೊದಲಿನಿಂದಲೂ ಫಿಲ್ಟರ್ ರಿಪೇರಿ ಮಾಡುವವರನ್ನು ಕರೆದೆ. ಅವರು ಮುಚ್ಚಳ ಬಿಚ್ಚಿ ಕ್ಯಾಂಡಲ್ ಎಂಬ ಒಳಗಿನ ಫಿಲ್ಟರ್ ಕೊಳವೆ ಹೊರತೆಗೆದು, ಅದರ ಕುತ್ತಿಗೆಯಲ್ಲಿ ಉಗುರಿನಷ್ಟು ಅಗಲದ ಒಂದು ಹಸಿರು ಬಿಲ್ಲೆ ತೋರಿಸಿದರು. ‘ಸರ, ಇದ್ರಾಗ ಚಿಪ್ ಐತ್ರಿ. ಕ್ಯಾಂಡಲ್ ಇನ್ನೂ ಚೊಲೋನ ಐತಿ, ಆದ್ರ ನಾ ಹೊಸಾದ ಹಾಕಿದ್ರೂ ಮಷೀನ ಅದನ್ನ ಗುರ್ತ ಹಿಡಿಯಂಗಿಲ್ಲ, ನೀರ ಬಿಡಂಗಿಲ್ಲ’ ಎಂದು ಮತ್ತೆ ಮುಚ್ಚಿದರು. ಪಾಪ, ದುಡ್ಡು ಕೂಡ ತೆಗೆದುಕೊಳ್ಳಲಿಲ್ಲ.

ಇನ್ನು ಕಂಪನಿಯವರ ಉತ್ತರಗಳನ್ನು ಕೇಳಿ. ಮಾರಿದ ಹುಡುಗ ಮೊದಲು ಫೋನ್ ಎತ್ತಲಿಲ್ಲ, ಎತ್ತಿದಾಗ ‘ಅದು ಕಂಪನಿ ಸಿಸ್ಟಮ್ ಐತ್ರಿ ಸರ, ನಮ್ಮ ಕೈಯಾಗ ಏನಿಲ್ಲ, ಈಗ ನಾ ಆ ಕಂಪನಿನೂ ಬಿಟ್ಟೀನಿ’ ಎಂದ. ಗ್ರಾಹಕ ಸೇವೆಯವರು ಮೊದಲು ಹಿಂದಿಯಲ್ಲಿ, ಕನ್ನಡದವರನ್ನು ಕೊಡಿ ಎಂದು ಹಟ ಹಿಡಿದ ಮೇಲೆ ಕನ್ನಡದಲ್ಲಿ, ‘ನಿಮ್ಮ ಕುಟುಂಬದ ಆರೋಗ್ಯದ ಹಿತದೃಷ್ಟಿಯಿಂದ ನೀರಿನ ಪೂರೈಕೆಯನ್ನು ಸುರಕ್ಷಿತ ಸ್ಥಿತಿಯಲ್ಲಿ ಇಡಲಾಗಿದೆ’ ಎಂದು ಓದಿ ಹೇಳಿದರು. ಈ ವಾಕ್ಯವನ್ನು ಇನ್ನೊಮ್ಮೆ ಓದಿ. ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾರೆ, ಕುಡಿಯಲು ನೀರಿಲ್ಲ, ಇದು ನಮ್ಮ ಆರೋಗ್ಯಕ್ಕಾಗಿಯಂತೆ! ಹಣ ಕಟ್ಟಿದರೆ ಅದೇ ಹಳೆಯ ಕ್ಯಾಂಡಲ್‌ನಿಂದ ತಕ್ಷಣವೇ ನೀರು ಬರುತ್ತದೆಯೇ ಎಂದು ಕೇಳಿದೆ. ‘ಹೌದು ಸರ್, ಕೂಡಲೇ ಆನ್ ಆಗುತ್ತದೆ, ತಂತ್ರಜ್ಞರು ನಂತರ ಬರುತ್ತಾರೆ’ ಎಂದರು. ಹಾಗಾದರೆ ಆರೋಗ್ಯದ ಮಾತು ಎಲ್ಲಿ ಹೋಯಿತು? ‘ನಿಮ್ಮ ಅಭಿಪ್ರಾಯವನ್ನು ದಾಖಲಿಸಿಕೊಂಡಿದ್ದೇವೆ ಸರ್.’ ಬರಹದಲ್ಲಿ ದೂರು ಕೊಟ್ಟ ಮೇಲೆ ಬಂದ ಮಿಂಚಂಚೆಯಲ್ಲಿ, ಅಳವಡಿಸಿದ ದಿನವೇ ನೀವು ಆ್ಯಪಿನಲ್ಲಿ ನಿಯಮ ಮತ್ತು ಷರತ್ತುಗಳನ್ನು ಒಪ್ಪಿದ್ದೀರಿ ಎಂದು ದಿನಾಂಕ, ಗಂಟೆ, ನಿಮಿಷ ಸಮೇತ ಬರೆದಿದ್ದರು. ಒತ್ತಿದ ಹೆಬ್ಬೆರಳು ಅವರ ನೌಕರನದು, ಒಪ್ಪಿಗೆ ಮಾತ್ರ ನನ್ನದು.

ಎಲ್ಲ ಹೊಸ ಉಪಕರಣಗಳೂ ಮೋಸ ಎಂದು ನಾನು ಹೇಳುತ್ತಿಲ್ಲ. ನಮ್ಮದೇ ಮನೆಯಲ್ಲಿ ರಿಮೋಟಿನ ಬಿಎಲ್‌ಡಿಸಿ ಫ್ಯಾನ್, ಎಂದರೆ ಕಡಿಮೆ ಕರೆಂಟಿನ ಮೋಟರಿನ ಫ್ಯಾನ್, ಇದೆ. ಹಳೆಯ ಫ್ಯಾನ್ ಸುಮಾರು 75 ವಾಟ್ ತಿನ್ನುತ್ತಿದ್ದ ಕಡೆ ಇದು 30ರ ಆಸುಪಾಸಿನಲ್ಲಿ ತಿರುಗುತ್ತದೆ, ಹೆಸ್ಕಾಂನ ಕರೆಂಟ್ ಬಿಲ್ಲಿನಲ್ಲಿ ವ್ಯತ್ಯಾಸವೂ ಕಂಡಿದೆ. ಆದರೆ ಆ ಫ್ಯಾನಿಗೆ ಇಂಟರ್ನೆಟ್ ಬೇಕಿಲ್ಲ, ಅದು ತಿರುಗಲು ಬೇರೆ ಊರಿನ ಯಾರದೋ ಕಂಪ್ಯೂಟರಿನ ಅಪ್ಪಣೆ ಬೇಕಿಲ್ಲ. ಗೀಸರ್ ಇರಲಿ, ಬಾಗಿಲ ಬೀಗ ಇರಲಿ, ಕ್ಯಾಮೆರಾ ಇರಲಿ, ಅಂಗಡಿಯಲ್ಲಿಯೇ ಅದರ ವೈಫೈ ಬಂದ್ ಮಾಡಿಸಿ ನೋಡಿ. ಆಗಲೂ ಅದು ತನ್ನ ಮೂಲ ಕೆಲಸ ಮಾಡಿದರೆ ಕೊಳ್ಳುವ ವಿಚಾರ ಮಾಡಿ, ಮಾಡದಿದ್ದರೆ ಎದ್ದು ಬನ್ನಿ. ಬಿಡಿಭಾಗಗಳು ಪೇಟೆಯಲ್ಲಿ ಬೇರೆ ಕಂಪನಿಯದೂ ಸಿಗುತ್ತವೆಯೇ ಎಂದು ಮಾರುವವನನ್ನು ಕೇಳಬೇಡಿ, ರಿಪೇರಿಯವನನ್ನು ಕೇಳಿ. ನಿಮ್ಮ ಫೋನನ್ನು ಅವರ ಕೈಗೆ ಕೊಡಲೇಬೇಡಿ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಬಗ್ಗೆ, ಎಂದರೆ ಕೊಂಡ ವಸ್ತುವನ್ನು ನಮಗೆ ಬೇಕಾದವರಿಂದ ರಿಪೇರಿ ಮಾಡಿಸಿಕೊಳ್ಳುವ ಹಕ್ಕಿನ ಬಗ್ಗೆ, ಸಮಿತಿ ಮಾಡಿ ಗೃಹೋಪಯೋಗಿ ವಸ್ತುಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತ್ತು. ನಮ್ಮ ಅಡುಗೆಮನೆಯ ತನಕ ಆ ಹಕ್ಕು ಇನ್ನೂ ಬಂದಿಲ್ಲ.

ಈಗಾಗಲೇ ಸಿಕ್ಕಿಬಿದ್ದವರು ಮಾಡಬೇಕಾದದ್ದು ಇಷ್ಟು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಅಲ್ಲಿ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು. ಕಂಪನಿ ಯಾವ ಊರಿನದಾದರೂ ನಾವು ಅಲ್ಲಿಗೆ ಅಲೆಯಬೇಕಿಲ್ಲ. ಐದು ಲಕ್ಷದೊಳಗಿನ ವಸ್ತುವಿಗೆ ಶುಲ್ಕವಿಲ್ಲ, ಆದರೆ ತೊಂದರೆಯಾದ ಎರಡು ವರ್ಷದೊಳಗೆ ದೂರು ಕೊಡಬೇಕು. ರಸೀದಿ, ಮಿಂಚಂಚೆ, ಆ್ಯಪಿನ ಪರದೆಯ ಚಿತ್ರ, ಎಲ್ಲವನ್ನೂ ಇಟ್ಟುಕೊಂಡಿರಿ. ನಾನು ಶೇಕಡಾ 33ರ ಚಿತ್ರ ತೆಗೆದಿಟ್ಟಿದ್ದರಿಂದಲೇ ಅವರು ಈಗ ಆ ವಿಷಯಕ್ಕೆ ಉತ್ತರ ಕೊಡಲು ತಡವರಿಸುತ್ತಿದ್ದಾರೆ.

ನನ್ನ ದೂರು ಸದ್ಯ ಸಹಾಯವಾಣಿಯ ಹಂತದಲ್ಲಿದೆ. ಕಂಪನಿಯ ಕುಂದುಕೊರತೆ ಅಧಿಕಾರಿ ಕೊನೆಯದಾಗಿ ಬರೆದದ್ದು, ಸದ್ಭಾವನೆಯ ಸಂಕೇತವಾಗಿ ಮುಂದಿನ ಪ್ಲಾನಿನ ಮೇಲೆ ಶೇಕಡಾ 15 ರಿಯಾಯಿತಿ ಕೊಡುತ್ತೇವೆ ಎಂದು. ಬೀಗ ತೆಗೆಯಿರಿ, ಇಲ್ಲವೇ ಮಷೀನು ಒಯ್ದು ಹಣ ವಾಪಸು ಕೊಡಿ ಎಂದು ಮರುಉತ್ತರ ಬರೆದಿದ್ದೇನೆ. ಒಂದೇ ಬಗೆಯ ತೊಂದರೆಯಾದ ಹಲವು ಗ್ರಾಹಕರು ಆಯೋಗದ ಅನುಮತಿ ಪಡೆದು ಒಟ್ಟಾಗಿ ದೂರು ಕೊಡಲು ಅದೇ ಕಾಯ್ದೆಯಲ್ಲಿ ಅವಕಾಶವಿದೆ. ಬಾಗಲಕೋಟೆಯಲ್ಲಾಗಲಿ ಗುಳೇದಗುಡ್ಡ, ಇಳಕಲ್ಲಿನ ಕಡೆಯಾಗಲಿ ಇಂಥ ಮಷೀನು ಕೊಂಡು ಕೆಂಪು ದೀಪ ನೋಡುತ್ತ ಕೂತವರು ಇದ್ದರೆ ರಸೀದಿಯ ಪ್ರತಿ ಮಾಡಿಸಿಟ್ಟುಕೊಂಡು ನನಗೆ ತಿಳಿಸಿ. ಆ 5,499 ರೂಪಾಯಿಯನ್ನು ಮಾತ್ರ ಸದ್ಯಕ್ಕೆ ಕಟ್ಟಬೇಡಿ.