ತೀರ್ಪಿಗೆ ಮುಂಚಿನ ಜಪ್ತಿ: ದಾವಣಗೆರೆಯ ಒಂದು ವಕೀಲರ ಕಚೇರಿಯಲ್ಲಿ ನನಗೆ ಸಿಕ್ಕ ಸೇವೆ

ದಾವಣಗೆರೆಯಲ್ಲಿ ಕಬ್ಬಿಣ, ಸಿಮೆಂಟಿನ ಅಂಗಡಿ ನಡೆಸುವ ನನಗೆ ಗುತ್ತಿಗೆದಾರರೊಬ್ಬರಿಂದ 14 ಲಕ್ಷ 60 ಸಾವಿರ ರೂಪಾಯಿ ಬರಬೇಕಿತ್ತು. ಅವರು ತಮ್ಮ ಹೆಸರಿನಲ್ಲಿ ಉಳಿದಿದ್ದ ಒಂದೇ ನಿವೇಶನವನ್ನು ಮಾರಲು ಗಿರಾಕಿ ಹುಡುಕುತ್ತಿದ್ದಾರೆಂಬ ಸುದ್ದಿ ಕಿವಿಗೆ ಬಿದ್ದ ದಿನವೇ, ಸಿವಿಲ್ ದಾವೆಗಳನ್ನೇ ಹೆಚ್ಚಾಗಿ ನಡೆಸುವ ಒಂದು ವಕೀಲರ ಕಚೇರಿಯ ಮೆಟ್ಟಿಲು ಹತ್ತಿದೆ. ಡಿಕ್ರಿ, ಅಂದರೆ ಹಣ ಕೊಡಬೇಕೆಂಬ ನ್ಯಾಯಾಲಯದ ತೀರ್ಪಿನ ಆಜ್ಞೆ, ಕೈಗೆ ಬರುವ ಹೊತ್ತಿಗೆ ಪ್ರತಿವಾದಿಯ ಬಳಿ ಏನೂ ಉಳಿದಿರದಿದ್ದರೆ ಆ ಡಿಕ್ರಿಯನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕಷ್ಟೆ. ಹಾಗಾಗದಂತೆ ತಡೆಯಲು ಸಿವಿಲ್ ಪ್ರಕ್ರಿಯಾ ಸಂಹಿತೆ, 1908ರ 38ನೇ ಆದೇಶದ 5ನೇ ನಿಯಮವಿದೆ; ತೀರ್ಪು ಬರುವ ಮುಂಚೆಯೇ ಪ್ರತಿವಾದಿಯ ಸ್ವತ್ತನ್ನು ಜಪ್ತಿ ಮಾಡಲು ಅದು ಅವಕಾಶ ಕೊಡುತ್ತದೆ. ಆ ನಿಯಮದಡಿ ಅರ್ಜಿ ಹಾಕಿಸಿಕೊಳ್ಳಲು ಯೋಚಿಸುತ್ತಿರುವ ವ್ಯಾಪಾರಿಗಳಿಗೆ ಉಪಯೋಗವಾಗಲೆಂದು ನನ್ನ ಅನುಭವವನ್ನು ಬರೆಯುತ್ತಿದ್ದೇನೆ.

ಮೊದಲ ದಿನ ನನಗೆ ನಿರಾಶೆಯೇ ಆಯಿತು. ಅರ್ಜಿ ಅಂದೇ ಸಿದ್ಧವಾಗುತ್ತದೆಂದು ನಂಬಿ ಹೋದವನಿಗೆ ಹಿರಿಯ ವಕೀಲರು, "ಸಾಹುಕಾರರೇ, ಸೈಟು ಮಾರುತ್ತಿದ್ದಾರೆಂದು ನಿಮಗೆ ಹೇಳಿದವರು ಯಾರು? ಅವರು ಪ್ರಮಾಣ ಮಾಡಿ ಹೇಳುತ್ತಾರೆಯೇ?" ಎಂದು ಕೇಳಿದರು. ಬಾಕಿ ಇದೆ ಎಂಬುದಷ್ಟೇ ಸಾಲದು. ಮುಂದೆ ಬರುವ ಡಿಕ್ರಿಯ ಅಮಲ್ಜಾರಿಯನ್ನು (ಜಾರಿಯನ್ನು) ತಪ್ಪಿಸುವ ಅಥವಾ ತಡಮಾಡುವ ಉದ್ದೇಶದಿಂದಲೇ ಪ್ರತಿವಾದಿ ಸ್ವತ್ತನ್ನು ಪರಭಾರೆ ಮಾಡಲು (ಬೇರೆಯವರಿಗೆ ವರ್ಗಾಯಿಸಲು) ಇಲ್ಲವೇ ನ್ಯಾಯಾಲಯದ ವ್ಯಾಪ್ತಿಯಿಂದ ಹೊರಗೆ ಸಾಗಿಸಲು ಹೊರಟಿದ್ದಾರೆಂಬುದು ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು. ಭದ್ರತೆಯಿಲ್ಲದ ಸಾಲವನ್ನು ಭದ್ರತೆಯುಳ್ಳ ಸಾಲವನ್ನಾಗಿ ಮಾಡಿಕೊಡುವುದು ಈ ನಿಯಮದ ಕೆಲಸವಲ್ಲವೆಂದು ಸುಪ್ರೀಂ ಕೋರ್ಟ್ 2008ರಲ್ಲಿ ರಾಮನ್ ಟೆಕ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಸಾಕಷ್ಟು ಆಧಾರವಿಲ್ಲದೆ ಜಪ್ತಿ ಮಾಡಿಸಿದರೆ ಅದೇ ಸಂಹಿತೆಯ 95ನೇ ಕಲಮಿನಡಿ 50,000 ರೂಪಾಯಿಯವರೆಗೆ ಪರಿಹಾರವನ್ನು ನಾನೇ ಕೊಡಬೇಕಾದೀತೆಂದೂ ಅವರು ಎಚ್ಚರಿಸಿದರು. ಫೀಸು ತೆಗೆದುಕೊಳ್ಳುವ ಮುಂಚೆಯೇ ಈ ಮಾತು ಹೇಳಿದ್ದು ನನಗೆ ಅವರ ಮೇಲೆ ನಂಬಿಕೆ ಹುಟ್ಟಿಸಿತು.

ನಾಲ್ಕು ದಿನಗಳಲ್ಲಿ ನಿವೇಶನದ ದಲ್ಲಾಳಿಯನ್ನು ಒಪ್ಪಿಸಿ ಕರೆದುಕೊಂಡು ಹೋದೆ. ಪ್ರಮಾಣಪತ್ರದ ಕರಡಿನಲ್ಲಿ ಕಿರಿಯ ವಕೀಲರು "ಮಾರಾಟ ಮಾಡುವ ಸಂಭವವಿದೆಯೆಂದು ವಾದಿಗೆ ತಿಳಿದುಬಂದಿದೆ" ಎಂದು ಬರೆದಿದ್ದ ಸಾಲನ್ನು ಹಿರಿಯರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಯಾವ ದಿನ, ಯಾರ ಮುಂದೆ, ಎಷ್ಟು ಬೆಲೆಗೆ ಮಾತುಕತೆ ನಡೆಯಿತೆಂಬುದನ್ನು ದಲ್ಲಾಳಿಯ ಬಾಯಿಂದಲೇ ಕೇಳಿ ಬರೆಸಿದರು. ಆಮೇಲೆ ಷೆಡ್ಯೂಲಿಗೆ, ಅಂದರೆ ಸ್ವತ್ತಿನ ವಿವರ ಬರೆಯುವ ಭಾಗಕ್ಕೆ ಬಂದರು. ನಾನು ಒಯ್ದಿದ್ದ ಹಳೆಯ ಕರಾರು ಪತ್ರದ ಚಕ್ಕುಬಂದಿಯಲ್ಲಿ (ನಾಲ್ಕು ದಿಕ್ಕಿನ ಗಡಿಯ ವಿವರದಲ್ಲಿ) ಉತ್ತರಕ್ಕಿರುವ ರಸ್ತೆ ದಕ್ಷಿಣಕ್ಕೆ ಸೇರಿಕೊಂಡಿತ್ತು. ನೋಂದಾಯಿತ ಕ್ರಯಪತ್ರದ ನಕಲು ತರಿಸಿ ಅದನ್ನು ತಿದ್ದಿಸಿದರು. ಜಪ್ತಿಯಾಗಬೇಕಾದ ಸ್ವತ್ತನ್ನೂ ಅದರ ಅಂದಾಜು ಬೆಲೆಯನ್ನೂ ವಾದಿಯೇ ಅರ್ಜಿಯಲ್ಲಿ ನಮೂದಿಸಬೇಕಾದ್ದರಿಂದ ಇಲ್ಲಿ ತಪ್ಪಾದರೆ ಜಪ್ತಿ ಪಕ್ಕದವರ ಸೈಟಿನ ಮೇಲೆ ಬೀಳುತ್ತಿತ್ತು. ಗುತ್ತಿಗೆದಾರರ ಕಾಂಕ್ರೀಟ್ ಮಿಕ್ಸರು, ಸೆಂಟ್ರಿಂಗ್ ಸಾಮಾನು ಎಲ್ಲವನ್ನೂ ಸೇರಿಸಿ ಎಂದು ನಾನು ಹಟ ಹಿಡಿದೆ. ಡಿಕ್ರಿಯ ಮೊತ್ತಕ್ಕೆ ಸಾಕಾಗುವಷ್ಟನ್ನು ಮಾತ್ರ ಕೇಳಬೇಕು, ಮನುಷ್ಯನ ದುಡಿಮೆಯನ್ನೇ ನಿಲ್ಲಿಸಿದರೆ ನಿಮ್ಮ ಹಣವೂ ಬರುವುದಿಲ್ಲ ಎಂದು ಅವರು ಒಪ್ಪಲಿಲ್ಲ. ಈಗ ಯೋಚಿಸಿದರೆ ಅವರು ಹೇಳಿದ್ದೇ ಸರಿ.

ಸರಕು ಮಾರಾಟದ ಬಾಕಿಯಾಗಿ, ಮೊತ್ತ 3 ಲಕ್ಷಕ್ಕೆ ಮೀರಿದ್ದರಿಂದ ಇದು ವಾಣಿಜ್ಯ ದಾವೆ. ಅಂಥ ದಾವೆಗೆ ಮೊದಲು ಮಧ್ಯಸ್ಥಿಕೆಗೆ ಹೋಗುವುದು ಕಡ್ಡಾಯವಾದರೂ, ತುರ್ತು ಮಧ್ಯಂತರ ಪರಿಹಾರ ನಿಜವಾಗಿಯೂ ಬೇಕಿರುವಲ್ಲಿ ಅದಕ್ಕೆ ವಿನಾಯಿತಿ ಇದೆ. ನಾವು ಹೋದದ್ದು ಆ ದಾರಿಯಲ್ಲೇ.

ನ್ಯಾಯಾಲಯವು ಭದ್ರತೆ ಒದಗಿಸಿ ಅಥವಾ ಏಕೆ ಒದಗಿಸಬೇಕಾಗಿಲ್ಲವೆಂದು ಕಾರಣ ತೋರಿಸಿ ಎಂದು ಪ್ರತಿವಾದಿಗೆ ನಿರ್ದೇಶಿಸಿ, ಅದರ ಜೊತೆಗೇ ಷರತ್ತುಬದ್ಧ ಜಪ್ತಿಯ ಆದೇಶವನ್ನೂ ಮಾಡಿತು. ಪ್ರತಿ ಕೈಗೆ ಬಂದ ಕೂಡಲೇ ವಕೀಲರು ಬೆರಳಿಟ್ಟು ಹುಡುಕಿದ್ದು ಭದ್ರತೆಯ ಆ ಸಾಲನ್ನೇ. ಆ ನಿರ್ದೇಶನವಿಲ್ಲದೆ ಮಾಡಿದ ಜಪ್ತಿ ಅನೂರ್ಜಿತವೆಂದು 5ನೇ ನಿಯಮದ 4ನೇ ಉಪನಿಯಮ ಹೇಳುತ್ತದೆ.

ಇಷ್ಟು ಎಚ್ಚರ ವಹಿಸಿದ ಕಚೇರಿ ಎಡವಿದ್ದು ಅದರ ಮುಂದಿನ ಹೆಜ್ಜೆಯಲ್ಲಿ. ಆದೇಶವಾದದ್ದು ಬುಧವಾರ. ಪಿ.ಎಫ್. (ಪ್ರೊಸೆಸ್ ಫೀ, ಅಂದರೆ ಆದೇಶದ ಜಾರಿಗಾಗಿ ನ್ಯಾಯಾಲಯಕ್ಕೆ ಕಟ್ಟುವ ಶುಲ್ಕ) ಕಟ್ಟಿ, ಷೆಡ್ಯೂಲಿನ ಪ್ರತಿಗಳನ್ನು ಒದಗಿಸಿದ ಮೇಲಷ್ಟೇ ವಾರಂಟು ಅಮೀನರ, ಅಂದರೆ ಆದೇಶ ಜಾರಿ ಮಾಡುವ ನ್ಯಾಯಾಲಯದ ಸಿಬ್ಬಂದಿಯ, ಕೈ ಸೇರುತ್ತದೆ. ಗುಮಾಸ್ತರು ಕಟ್ಟಿದ್ದಾರೆಂದು ಕಿರಿಯ ವಕೀಲರು, ಕಿರಿಯ ವಕೀಲರು ಕಟ್ಟಿದ್ದಾರೆಂದು ಗುಮಾಸ್ತರು ಸುಮ್ಮನಿದ್ದರು. ಸೋಮವಾರ ಸಂಜೆ ನಾನೇ ಹೋಗಿ ರಸೀದಿ ಕೇಳಿದಾಗ ವಿಷಯ ಹೊರಬಿತ್ತು. ಜಪ್ತಿ ಜಾರಿಯಾಗುವ ಮುಂಚೆ ಬರೆದುಕೊಟ್ಟ ಕ್ರಯಪತ್ರ ಜಪ್ತಿಯ ನಂತರ ನೋಂದಣಿಯಾದರೂ ಅದೇ ಮೇಲಾಗುತ್ತದೆಂದು ಹಮ್ದಾ ಅಮ್ಮಾಳ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ ಎಂಬುದನ್ನು ಇದೇ ವಕೀಲರು ನನಗೆ ವಿವರಿಸಿದ್ದರು. ಹಾಗಾಗಿ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ನಿವೇಶನದ ಮೇಲಿನ ನೋಂದಾಯಿತ ವಹಿವಾಟುಗಳನ್ನು ತೋರಿಸುವ ಋಣಭಾರ ಪತ್ರ (ಇ.ಸಿ.) ತೆಗೆಸಿ, ಅದರಲ್ಲಿ ಹೊಸ ವಹಿವಾಟು ಯಾವುದೂ ಕಾಣದಿದ್ದ ಮೇಲೆಯೇ ಒಂದಿಷ್ಟು ಉಸಿರು ಬಂತು. ಹಿರಿಯರು ತಪ್ಪೊಪ್ಪಿಕೊಂಡು, ಅಂದೇ ಪಿ.ಎಫ್. ಕಟ್ಟಿಸಿದರು. ಆದರೂ ಐದು ದಿನಗಳ ಈ ಅಲಕ್ಷ್ಯವನ್ನು ನಾನು ಸಣ್ಣದೆಂದು ಎಣಿಸಲಾರೆ, ಏಕೆಂದರೆ ಈ ಸೇವೆಗೆ ಜನ ದುಡ್ಡು ಕೊಡುವುದೇ ಆ ಐದು ದಿನಗಳನ್ನು ಉಳಿಸಿಕೊಳ್ಳಲು.

ಗುರುವಾರ ಅಮೀನರು ನಿವೇಶನಕ್ಕೆ ಬಂದರು. ತಮಟೆಯವನು ಬೀದಿಯ ಎರಡು ತುದಿಗಳಲ್ಲಿ ನಿಂತು ಬಾರಿಸಿದ. ಖಾಲಿ ಸೈಟಿನಲ್ಲಿ ಆದೇಶ ಅಂಟಿಸಲು ಗೋಡೆಯೇ ಇರಲಿಲ್ಲ. ಗೇಟಿನ ಕಲ್ಲುಕಂಬಕ್ಕೆ ಮೈದಾ ಅಂಟು ಸವರಿ, ಕಾಗದದ ನಾಲ್ಕು ಮೂಲೆಗಳನ್ನು ಅಂಗೈಯಿಂದ ಒತ್ತಿದರು. ಮತ್ತೊಂದು ಪ್ರತಿಯನ್ನು ನ್ಯಾಯಾಲಯದ ಫಲಕಕ್ಕೆ ಹಚ್ಚಿದರು. ಉಪನೋಂದಣಾಧಿಕಾರಿಗಳಿಗೂ ತಿಳಿವಳಿಕೆ ಹೋಗುವಂತೆ ವಕೀಲರು ಪ್ರತ್ಯೇಕವಾಗಿ ಕೋರಿಕೊಂಡಿದ್ದರು. ಇದನ್ನು ಎಲ್ಲ ಕಚೇರಿಗಳೂ ಮಾಡುವುದಿಲ್ಲ, ನೀವೇ ಕೇಳಿ ಮಾಡಿಸಿಕೊಳ್ಳಿ.

ಮೂರು ವಾರಗಳಾದ ಮೇಲೆ ಗುತ್ತಿಗೆದಾರರು ದಾವೆಯ ಮೊತ್ತಕ್ಕೆ ಬ್ಯಾಂಕ್ ಗ್ಯಾರಂಟಿ ಒದಗಿಸಿದರು, ಜಪ್ತಿ ತೆರವಾಯಿತು. ಗೆದ್ದ ಸೈಟು ಕೈಬಿಟ್ಟು ಹೋಯಿತೆಂದು ನಾನು ಸಿಡುಕಿದಾಗ, "ಸೈಟನ್ನು ನೀವು ಗೆದ್ದೇ ಇರಲಿಲ್ಲ, ಹಣಕ್ಕೆ ಆಸರೆ ಕೇಳಿದ್ದಿರಿ, ಸೈಟಿಗಿಂತ ಗಟ್ಟಿಯಾದ ಆಸರೆ ಸಿಕ್ಕಿದೆ" ಎಂದು ಹಿರಿಯರು ಸಮಾಧಾನವಾಗಿ ತಿಳಿಸಿದರು.

ದಾವೆ ಈಗ ಪಾಟೀಸವಾಲಿನ, ಅಂದರೆ ಸಾಕ್ಷಿಗಳನ್ನು ಎದುರು ಪಕ್ಷದ ವಕೀಲರು ಪ್ರಶ್ನಿಸುವ ಹಂತದಲ್ಲಿದೆ. ವಕಾಲತ್ತನ್ನು ಬದಲಿಸಿಲ್ಲ. ಆದರೆ ಪ್ರತಿ ಸಲ ಪಿ.ಎಫ್. ಕಟ್ಟಿದ ರಸೀದಿಯ ಫೋಟೋ ಅಂದು ಸಂಜೆಯೊಳಗೆ ನನ್ನ ಮೊಬೈಲಿಗೆ ಬರಬೇಕೆಂದು ಹೇಳಿಟ್ಟಿದ್ದೇನೆ. ಈವರೆಗೆ ತಪ್ಪದೆ ಬರುತ್ತಿದೆ.