ಟ್ರಾನ್ಸ್‌ಫಾರ್ಮರ್ ಆಯಿಲ್ ಫಿಲ್ಟರ್ ಮಾಡಿಸುವ ಮೊದಲು ಟೆಸ್ಟ್ ಮಾಡಿಸಿ: ತುಮಕೂರಿನ ಒಂದು ಸರ್ವಿಸ್ ಬಗ್ಗೆ

ತಿಪಟೂರು ಹತ್ತಿರ ನಮ್ಮದು ಕೊಬ್ಬರಿ ಪುಡಿ ಫ್ಯಾಕ್ಟರಿ. 11 ಕೆವಿ ಲೈನಿಗೆ ನಮ್ಮದೇ 250 ಕೆವಿಎ ಟ್ರಾನ್ಸ್‌ಫಾರ್ಮರ್ ಇದೆ. ಮಳೆಗಾಲ ಮುಗಿಯುವ ಹೊತ್ತಿಗೆ, ಒಳಗೆ ಹೋಗುವ ಗಾಳಿಯ ತೇವ ಹೀರುವ ಬ್ರೀದರ್‌ನ ಸಿಲಿಕಾ ಜೆಲ್ ನೀಲಿ ಹೋಗಿ ಪೂರ್ತಿ ಗುಲಾಬಿ ಆಗಿತ್ತು, ಅಂದರೆ ತೇವ ತುಂಬಿತ್ತು. ಮೊದಲು ಬಂದವರು ಹೊರಗಿನಿಂದ ನೋಡಿಯೇ "ಒಳಗೆ ಸ್ಪಾರ್ಕ್ ಆಗಿದೆ, ವೈಂಡಿಂಗ್, ಅಂದರೆ ಒಳಗಿನ ತಂತಿ ಸುರುಳಿ, ಬಿಚ್ಚಬೇಕು" ಅಂದುಬಿಟ್ಟರು. ಒಂದು ಟೆಸ್ಟೂ ಇಲ್ಲ. ಆಮೇಲೆ ಅಂತರಸನಹಳ್ಳಿ ಕಡೆಯಿಂದ ಈ ಆಯಿಲ್ ಟೆಸ್ಟಿಂಗ್ ಸರ್ವಿಸ್‌ನವರನ್ನು ಕರೆಸಿದೆವು.

ಇವರ ಕೆಲಸದಲ್ಲಿ ನನಗೆ ಹಿಡಿಸಿದ್ದೇ ಅವಸರ ಇಲ್ಲದಿರುವುದು. ಲೈನ್ ಕ್ಲಿಯರ್, ಅಂದರೆ ಕರೆಂಟ್ ತೆಗೆದಿದೆ ಅನ್ನುವ ಒಪ್ಪಿಗೆ, ಸಿಕ್ಕಿದ ಮೇಲೂ ಸುಮ್ನೆ ಕೈ ಹಾಕಲಿಲ್ಲ, ಮೂರೂ ಫೇಸಿಗೆ ಅರ್ಥ್ ರಾಡ್ ಮುಟ್ಟಿಸಿದ ನಂತರವೇ ಹತ್ತಿರ ಹೋದರು. ಕೆಳಗಿನ ವಾಲ್ವ್ ಒರೆಸಿ, ಸ್ವಲ್ಪ ಆಯಿಲ್ ಹೊರಗೆ ಬಿಟ್ಟು, ಆಮೇಲೆ ಸ್ಯಾಂಪಲ್ ಹಿಡಿದರು.

ಬಿಡಿವಿ ಟೆಸ್ಟ್, ಅಂದರೆ ಆಯಿಲ್ ಎಷ್ಟು ವೋಲ್ಟೇಜ್ ತಡೆಯುತ್ತದೆ ಅನ್ನುವ ಪರೀಕ್ಷೆ, ನಮ್ಮ ಮುಂದೆಯೇ ಮಾಡಿದರು. ಕಪ್ಪಿನಲ್ಲಿ ಎರಡು ಎಲೆಕ್ಟ್ರೋಡ್, ನಡುವೆ 2.5 ಮಿ.ಮೀ. ಗ್ಯಾಪ್, ಸುತ್ತ ನಮ್ಮ ಆಯಿಲ್. ವೋಲ್ಟೇಜ್ ಏರುತ್ತಾ ಹೋಗುತ್ತದೆ, ಒಂದು ಹಂತದಲ್ಲಿ ಚಟ್ ಅಂತ ಕಿಡಿ ಹಾರಿ ಮೀಟರ್ ನಿಲ್ಲುತ್ತದೆ. ಕಲಕಿ, ಗುಳ್ಳೆ ಹೋಗಲು ಬಿಟ್ಟು, ಮತ್ತೆ ಶುರು. ಹೀಗೆ 6 ಸಲ ಮಾಡಿ ಸರಾಸರಿ ತೆಗೆಯಬೇಕು. ನಮ್ಮದು 22 ಕೆವಿ ಬಂತು. ಬಳಕೆಯಲ್ಲಿರುವ ಇಂಥ ಟ್ರಾನ್ಸ್‌ಫಾರ್ಮರಿಗೆ ಕನಿಷ್ಠ 30 ಕೆವಿ ಬೇಕು, ಅಂದರೆ ಆಯಿಲ್ ಒಳಗೆ ಸೇರಿ ಹೋಗಿದ್ದ ತೇವ ತನ್ನ ಕೆಲಸ ಮಾಡಿತ್ತು.

ಇಲ್ಲೇ ಬೇರೆಯವರಾಗಿದ್ದರೆ ಫಿಲ್ಟರ್ ಮಷಿನ್ ಹಚ್ಚಿ ಲೀಟರ್ ಲೆಕ್ಕದಲ್ಲಿ ಬಿಲ್ ಮಾಡುತ್ತಿದ್ದರು. ಇವರು ಮೊದಲು ಗಾಜಿನ ಸಿರಿಂಜಿನಲ್ಲಿ ಗಾಳಿ ಸೇರದ ಹಾಗೆ ಇನ್ನೊಂದು ಸ್ಯಾಂಪಲ್ ತೆಗೆದು ಡಿಜಿಎಗೆ, ಅಂದರೆ ಆಯಿಲ್‌ನಲ್ಲಿ ಕರಗಿರುವ ಗ್ಯಾಸ್ ಪರೀಕ್ಷೆಗೆ ಲ್ಯಾಬಿಗೆ ಕಳಿಸಿದರು. ಫಿಲ್ಟರ್ ಮಷಿನ್ ಆಯಿಲ್ ಬಿಸಿ ಮಾಡಿ ವ್ಯಾಕ್ಯೂಮ್‌ನಲ್ಲಿ ಎಳೆಯುವಾಗ ತೇವದ ಜೊತೆ ಈ ಗ್ಯಾಸೂ ಹೋಗಿಬಿಡುತ್ತದೆ, ಆಮೇಲೆ ಒಳಗೆ ಏನಾಗಿತ್ತು ಅಂತ ಹುಡುಕಿದರೂ ಗುರುತು ಸಿಗಲ್ಲ. ಒಳಗೆ ಆರ್ಕ್, ಅಂದರೆ ಜೋರಾದ ಕಿಡಿ, ಆಗಿದ್ದರೆ ಅಸಿಟಿಲೀನ್ ಕಾಣುತ್ತದೆ. ಸಣ್ಣ ಸಣ್ಣ ಡಿಸ್ಚಾರ್ಜ್ ನಡೆಯುತ್ತಿದ್ದರೆ ಹೈಡ್ರೋಜನ್ ಜಾಸ್ತಿ. ಆಯಿಲ್ ವಿಪರೀತ ಕಾದಿದ್ದರೆ ಎಥಿಲೀನ್, ವೈಂಡಿಂಗಿನ ಪೇಪರ್ ಸುಡುತ್ತಿದ್ದರೆ ಕಾರ್ಬನ್ ಮಾನಾಕ್ಸೈಡ್. ನಮ್ಮ ರಿಪೋರ್ಟಿನಲ್ಲಿ ಅಸಿಟಿಲೀನ್ ಇರಲೇ ಇಲ್ಲ, ಹೈಡ್ರೋಜನ್ನೂ ಲೆಕ್ಕಕ್ಕೆ ಬರುವಷ್ಟಿಲ್ಲ. ವೈಂಡಿಂಗ್ ಬಿಚ್ಚುವ ಮಾತು ಅಲ್ಲಿಗೇ ಮುಗಿಯಿತು. ಗ್ಯಾಸ್ಕೆಟ್ ಮತ್ತು ಸಿಲಿಕಾ ಜೆಲ್ ಬದಲಿಸಿ, ಆಯಿಲ್ ಫಿಲ್ಟರ್ ಮಾಡಿ ಮತ್ತೆ ಬಿಡಿವಿ ಟೆಸ್ಟ್ ಹಾಕಿದರು, 50 ಕೆವಿ ದಾಟಿತು.

ಕೊರತೆ ಇಲ್ಲ ಅಂತಲ್ಲ. ಲ್ಯಾಬ್ ರಿಪೋರ್ಟ್ ಬರುವುದು ತಡವಾಯಿತು, ಬಂದದ್ದೂ ಪೂರ್ತಿ ಇಂಗ್ಲಿಷ್‌ನಲ್ಲಿ, ಬರೀ ಅಂಕಿಗಳು. ಫೋನ್ ಮಾಡಿ ಕೇಳಿದಾಗ ಸಾಲು ಸಾಲಾಗಿ ಬಿಡಿಸಿ ಹೇಳಿದರು ನಿಜ, ಆದರೆ ನಮ್ಮಂಥವರಿಗೆ ಕನ್ನಡದಲ್ಲಿ ಅರ್ಧ ಪುಟ ಬರೆದುಕೊಟ್ಟರೆ ಏನು ಕಷ್ಟ ಅಲ್ವಾ? ಫಿಲ್ಟರ್ ಕೆಲಸಕ್ಕೆ ಇಡೀ ದಿನ ಕರೆಂಟ್ ಇರಲ್ಲ ಅನ್ನುವುದನ್ನೂ ಮೊದಲೇ ಹೇಳಬೇಕಿತ್ತು, ಡ್ರೈಯರ್‌ನಲ್ಲಿ ಮಾಲು ಹಾಕಿಟ್ಟಿದ್ದೆವು.

ದರ ಬರೀ ಫಿಲ್ಟರ್ ಮಾಡುವವರಿಗಿಂತ ಜಾಸ್ತಿ. ಕೊಟ್ಟದ್ದಕ್ಕೆ ನನಗೆ ಬೇಸರವಿಲ್ಲ. ಗುಬ್ಬಿ, ಶಿರಾ ಕಡೆಗೂ ಬರುತ್ತಾರೆ, ಆದರೆ ಮಳೆ ಬರುವಾಗ ಸ್ಯಾಂಪಲ್ ತೆಗೆಯಲ್ಲ, ಬಿಸಿಲು ನೋಡಿ ದಿನ ಕೇಳಿ.